ರಿಪೋರ್ಟಿನಲ್ಲಿ ದಪ್ಪಕ್ಷರ ಕಂಡಾಗ

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿಯ ವಾಚನಾಲಯವೊಂದರಲ್ಲಿ, ಮಳೆಗಾಲಕ್ಕೆ ಮುಂಚೆ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಲ್ಯಾಬಿನಿಂದ ರಿಪೋರ್ಟು ತಂದು ಕವರು ಬಿಚ್ಚಿದ ಕೂಡಲೆ ನಮ್ಮ ಕಣ್ಣು ಹೋಗುವುದು ದಪ್ಪಕ್ಷರದ ಕಡೆಗೆ. ಉಳಿದ ಸಂಖ್ಯೆಗಳೆಲ್ಲ ತೆಳ್ಳಗೆ ಇರುತ್ತವೆ, ಒಂದೆರಡು ಮಾತ್ರ ದಪ್ಪಗೆ. ಪಕ್ಕದಲ್ಲಿ ‘ಎಚ್’ (ಹೆಚ್ಚು) ಅಥವಾ ‘ಎಲ್’ (ಕಡಿಮೆ). ಕೆಲವು ಲ್ಯಾಬಿನವರು ಕೆಂಪು ಬಣ್ಣವನ್ನೂ ಬಳಿಯುತ್ತಾರೆ. ಅಲ್ಲಿಂದ ಮುಂದೆ ಮೊಬೈಲಿನ ಕೆಲಸ. ಗೂಗಲ್‌ನಲ್ಲಿ ಹುಡುಕುತ್ತೇವೆ, ಫೋಟೋ ತೆಗೆದು ಬೆಂಗಳೂರಿನ ಮಗನಿಗೂ ದುಬೈಯ ಅಳಿಯನಿಗೂ ಕಳಿಸುತ್ತೇವೆ. ಡಾಕ್ಟರ ಹತ್ತಿರ ಬರುವಷ್ಟರಲ್ಲಿ ಮನೆಯಲ್ಲೇ ರೋಗದ ಹೆಸರು ನಿಶ್ಚಯವಾಗಿ, ಪಥ್ಯವೂ ಶುರುವಾಗಿರುತ್ತದೆ.

ಆ ದಪ್ಪಕ್ಷರ ಹಾಕಿದ್ದು ಯಾರು? ಡಾಕ್ಟರಲ್ಲ, ಲ್ಯಾಬಿನ ಟೆಕ್ನೀಶಿಯನ್ನೂ ಅಲ್ಲ. ಕಂಪ್ಯೂಟರು. ಅದಕ್ಕೆ ಇಷ್ಟರಿಂದ ಇಷ್ಟರವರೆಗೆ ಎಂದು ಎರಡು ಸಂಖ್ಯೆ ಕೊಟ್ಟಿರುತ್ತಾರೆ. ಅದರಿಂದ ಆಚೆ ಹೋದದ್ದನ್ನೆಲ್ಲ ದಪ್ಪ ಮಾಡುತ್ತದೆ. ಯಾವ ಮಾತ್ರೆ ತಿನ್ನುತ್ತೀರಿ, ಯಾತಕ್ಕಾಗಿ ಈ ಟೆಸ್ಟು ಬರೆದದ್ದು, ಇದೊಂದೂ ಅದಕ್ಕೆ ಗೊತ್ತಿಲ್ಲ. ಹೆಚ್ಚೆಂದರೆ ಪ್ರಾಯ ಎಷ್ಟು, ಗಂಡೋ ಹೆಣ್ಣೋ ಎಂಬುದನ್ನು ನೋಡೀತು.

ಹಾಗಾದರೆ ಆ ಎರಡು ಸಂಖ್ಯೆ ಎಲ್ಲಿಂದ ಬಂತು? ಆರೋಗ್ಯವಾಗಿದ್ದಾರೆ ಎಂದು ಕಂಡ ಒಂದಷ್ಟು ಜನರ ರಕ್ತ ತೆಗೆದು ಅಳೆಯುತ್ತಾರೆ. ಬಂದ ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಡುತ್ತಾರೆ. ಕೆಳಗಿನ ತುದಿಯಲ್ಲಿ ನೂರಕ್ಕೆ ಎರಡೂವರೆ, ಮೇಲಿನ ತುದಿಯಲ್ಲಿ ನೂರಕ್ಕೆ ಎರಡೂವರೆ ಬಿಟ್ಟು, ನಡುವೆ ಉಳಿದ 95ನ್ನು ಇದೇ ಮಿತಿ ಎನ್ನುತ್ತಾರೆ. ಈಗ ಸ್ವಲ್ಪ ಯೋಚನೆ ಮಾಡಿ. ಆರೋಗ್ಯವಂತರಲ್ಲೇ 20 ಮಂದಿಗೆ ಒಬ್ಬರನ್ನು ನಾವೇ ಹೊರಗೆ ಹಾಕಿದೆವು. ಅವರಿಗೆ ರೋಗ ಇದೆಯೆಂದಲ್ಲ, ಗೆರೆ ಎಳೆದ ಕ್ರಮವೇ ಹಾಗೆ.

ಒಂದು ಟೆಸ್ಟಿಗೆ 20ಕ್ಕೆ ಒಬ್ಬರಾದರೆ, ಒಬ್ಬರಿಗೇ 20 ಟೆಸ್ಟು ಮಾಡಿದರೆ? ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಪೂರ್ತಿ ಆರೋಗ್ಯವಾಗಿರುವ ಮನುಷ್ಯನ ರಿಪೋರ್ಟಿನಲ್ಲಿ ಕನಿಷ್ಠ ಒಂದಾದರೂ ದಪ್ಪಕ್ಷರ ಬರುವ ಸಾಧ್ಯತೆ ನೂರಕ್ಕೆ 64. ಫುಲ್ ಬಾಡಿ ಚೆಕಪ್ ಎಂದು ಬ್ಯಾನರು ಕಟ್ಟಿರುತ್ತಾರಲ್ಲ, 70 ಟೆಸ್ಟು, 80 ಟೆಸ್ಟು, ಅರ್ಧ ದರ ಎಂದು? ಅದರಲ್ಲಿ ಒಂದೂ ದಪ್ಪಕ್ಷರ ಇಲ್ಲದೆ ಹೊರಗೆ ಬರುವುದೇ ಅಪರೂಪ. ಆಮೇಲೆ ಆ ಒಂದರ ಬೆನ್ನು ಹತ್ತಿ ಸ್ಕ್ಯಾನಿಂಗು, ಇನ್ನೊಂದು ಟೆಸ್ಟು, ಮತ್ತೊಬ್ಬ ಸ್ಪೆಷಲಿಸ್ಟು. ನಾನು ಚೆಕಪ್ಪಿಗೆ ವಿರೋಧಿ ಅಲ್ಲ. ನಲ್ವತ್ತು ದಾಟಿದವರು ಬಿ.ಪಿ., ಶುಗರು, ಕೊಲೆಸ್ಟರಾಲು ನೋಡಿಸಿಕೊಳ್ಳಲೇಬೇಕು. ಪ್ರಶ್ನೆಯೇ ಇಲ್ಲದೆ 80 ಉತ್ತರ ಕೊಂಡುಕೊಳ್ಳುವ ಅಭ್ಯಾಸದ ಬಗ್ಗೆ ಮಾತ್ರ ನನ್ನ ತಕರಾರು.

ಯಾರೊಂದಿಗೆ ಹೋಲಿಸುತ್ತಿದ್ದೇವೆ ಎಂಬುದನ್ನು ಹೇಳದೆ ಒಂದು ಸಂಖ್ಯೆಯನ್ನು ಹೆಚ್ಚು, ಕಡಿಮೆ ಎನ್ನಬಾರದು ಎಂದು 1969ರಲ್ಲಿ ಗಟ್ಟಿಯಾಗಿ ಹೇಳಿದವರು ಫಿನ್ಲೆಂಡಿನ ರಾಲ್ಫ್ ಗ್ರಾಸ್‌ಬೆಕ್ ಮತ್ತು ಅವರ ಜತೆಗಾರ ಸಾರಿಸ್. ಇದು ದೂರದ ಮಾತು ಎಂದುಕೊಳ್ಳಬೇಡಿ. ನಮ್ಮ ಎಣ್ಮಕಜೆಯ ಪಡ್ರೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಅಧ್ಯಯನಕ್ಕೆ ಬಂದದ್ದು ಇಲ್ಲಿ ಹಲವರಿಗೆ ನೆನಪಿರಬಹುದು. ಗೇರು ತೋಟದ ಬುಡದ ಊರಿನ 117 ಹುಡುಗರ ರಕ್ತ ತೆಗೆದು ಸುಮ್ಮನಾಗಲಿಲ್ಲ ಅವರು. ಆ ಸಿಂಪಡಣೆ ಕಾಣದ ಇನ್ನೊಂದು ಊರಿನ, ಅದೇ ಪ್ರಾಯದ 90 ಹುಡುಗರನ್ನೂ ನೋಡಿದರು. ಇಲ್ಲಿನ ಹುಡುಗರ ರಕ್ತದಲ್ಲಿ ವಿಷದ ಅಂಶ ಹೆಚ್ಚು, ಪ್ರೌಢಾವಸ್ಥೆಗೆ ಬರುವುದು ತಡ ಎಂದು 2003ರಲ್ಲಿ ಪ್ರಕಟವಾದ ಪ್ರಬಂಧಕ್ಕೆ ತೂಕ ಬಂದದ್ದು ಆ 90 ಹುಡುಗರಿಂದಲೂ ಹೌದು. ಅವರಿಲ್ಲದಿದ್ದರೆ ‘ಎಲ್ಲ ಕಡೆ ಹೀಗೇ ಇರಬಹುದು’ ಎಂದು ತಳ್ಳಿಹಾಕುವುದು ಎಷ್ಟು ಸುಲಭವಾಗುತ್ತಿತ್ತು! ಆ ವಿಷಯ ತೆಗೆದರೆ ಇವತ್ತಿನ ಸಂಜೆ ಸಾಲದು, ಬಿಡಿ.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಎಲ್ಲ ಮಿತಿಗಳೂ ಹೀಗೆ ಸಾಲು ಇಟ್ಟು ಬಂದವಲ್ಲ. ಬರಿ ಹೊಟ್ಟೆಯ ಶುಗರು 126, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರಿನ ಸರಾಸರಿ ತಿಳಿಸುವ ಟೆಸ್ಟು) 6.5, ಇವು ಯಾವ ಮಟ್ಟ ದಾಟಿದರೆ ಮುಖ್ಯವಾಗಿ ಕಣ್ಣಿಗೆ ಹಾನಿ ಶುರುವಾಗುತ್ತದೆ ಎಂದು ನೋಡಿ ಹಾಕಿದ ಗೆರೆಗಳು. ‘ಊರಿನವರಿಗೆಲ್ಲ ಶುಗರು ಇರುವಾಗ ನನಗೂ ಸ್ವಲ್ಪ ಇದ್ದರೆ ಎಂತ’ ಎಂದು ಅಲ್ಲಿ ವಾದ ಮಾಡಲಾಗುವುದಿಲ್ಲ. ಆದರೆ ಅಲ್ಲಿಯೂ ಒಂದು ಷರತ್ತು ಉಂಟು. ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು, ಇಂಥ ಲಕ್ಷಣ ಇಲ್ಲದವರಿಗೆ ಒಂದೇ ರಿಪೋರ್ಟು ನೋಡಿ ಡಯಾಬಿಟಿಸ್ ಎಂದು ಹಣೆಪಟ್ಟಿ ಕಟ್ಟಬಾರದು. ಇನ್ನೊಮ್ಮೆ ನೋಡಿಯೇ ಹೇಳಬೇಕು.

ಇನ್ನು ದಪ್ಪಕ್ಷರ ಇಲ್ಲದ ಸಂಖ್ಯೆಗಳ ಕಡೆಗೆ ಬರೋಣ. ನನ್ನ ಭಯ ಹೆಚ್ಚಾಗಿ ಇರುವುದು ಅಲ್ಲಿ.

ಕ್ರಿಯಾಟಿನಿನ್ ಎಂಬ ಟೆಸ್ಟು ನಿಮಗೆಲ್ಲ ಗೊತ್ತು, ಕಿಡ್ನಿಯದ್ದು. ಸ್ನಾಯುಗಳಲ್ಲಿ ದಿನಾ ಹುಟ್ಟುವ ಒಂದು ತ್ಯಾಜ್ಯ ಅದು, ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಒಂದೇ ಮನೆಯ ಇಬ್ಬರನ್ನು ತೆಗೆದುಕೊಳ್ಳೋಣ. ಮೊಮ್ಮಗನಿಗೆ 30 ವರ್ಷ, ಅಡಕೆ ತೋಟದಲ್ಲಿ ಗೊಬ್ಬರ ಹೊರುವ ಗಟ್ಟಿ ಆಳು. ಕ್ರಿಯಾಟಿನಿನ್ 1.2. ಅಜ್ಜಿಗೆ 75, ಗಾಳಿ ಬಂದರೆ ಹಾರಿಹೋಗುವಷ್ಟು ತೆಳ್ಳಗೆ. ಅವರದ್ದೂ 1.2. ಎರಡೂ ರಿಪೋರ್ಟಿನಲ್ಲಿ ದಪ್ಪಕ್ಷರ ಇಲ್ಲದಿರುವ ಸಾಧ್ಯತೆ ಉಂಟು, ಏಕೆಂದರೆ ಕೆಲವು ಕಡೆ ಗಂಡು ಹೆಣ್ಣು ಇಬ್ಬರಿಗೂ ಸೇರಿಸಿ ಒಂದೇ ಮಿತಿ ಅಚ್ಚು ಹಾಕಿರುತ್ತಾರೆ. ಈಗ ವಯಸ್ಸು, ಲಿಂಗ ಸೇರಿಸಿ ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂದು ಲೆಕ್ಕ ಹಾಕುವ ಸೂತ್ರವೊಂದಿದೆ. 2021ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಅದರಲ್ಲಿ ಹಾಕಿದರೆ ಮೊಮ್ಮಗನಿಗೆ ಬರುವುದು 83ರ ಹತ್ತಿರ. ಅಜ್ಜಿಗೆ ಸುಮಾರು 47. ಅಂದರೆ ಅಜ್ಜಿಯ ಕಿಡ್ನಿ ಹೆಚ್ಚುಕಡಿಮೆ ಅರ್ಧ ಕೆಲಸ ಮಾಡುತ್ತಿದೆ. ಅಜ್ಜಿಗೆ ಸ್ನಾಯುವೇ ಇಲ್ಲದ ಕಾರಣ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಹಾಗಾಗಿ ಸಂಖ್ಯೆ ಚಂದವಾಗಿ ಕಾಣುತ್ತದೆ.

ಚಂದ ಕಂಡರೆ ನಷ್ಟವೇನು? ಅಜ್ಜಿಗೆ ಮೊಣಗಂಟು ನೋವು. ಮೆಡಿಕಲ್ಲಿಗೆ ಹೋದ ಮೊಮ್ಮಗ ‘ನೋವಿನ ಮಾತ್ರೆ ಕೊಡಿ’ ಎಂದು ಡೈಕ್ಲೊಫೆನಾಕ್ ತರುತ್ತಾನೆ. ಬಿ.ಪಿ. ಮಾತ್ರೆ ಹೇಗೂ ನಡೆಯುತ್ತಿದೆ. ಮಧ್ಯೆ ಎರಡು ದಿನ ಭೇದಿ. ಮೂರೂ ಸೇರಿದಾಗ ಅರ್ಧ ಕೆಲಸ ಮಾಡುತ್ತಿದ್ದ ಕಿಡ್ನಿ ಕೈಚೆಲ್ಲುತ್ತದೆ. ಹೋದ ತಿಂಗಳು ಕಿಡ್ನಿ ಟೆಸ್ಟು ನಾರ್ಮಲ್ ಇತ್ತಲ್ಲ ಡಾಕ್ಟ್ರೇ ಎಂದು ಮನೆಯವರು ಕೇಳುತ್ತಾರೆ. ನಾರ್ಮಲ್ ಎಂದು ಬರೆದದ್ದು ಕಾಗದ. ಅಜ್ಜಿಯ ಪ್ರಾಯವನ್ನು ಅದಕ್ಕೆ ಸೇರಿಸಿ ಓದಬೇಕಿತ್ತು. ಈಗ ಅನೇಕ ಲ್ಯಾಬಿನವರು ಕ್ರಿಯಾಟಿನಿನ್ ಕೆಳಗೆ ‘ಇಜಿಎಫ್ಆರ್’ ಎಂದು ಈ ಲೆಕ್ಕವನ್ನೂ ಅಚ್ಚು ಹಾಕುತ್ತಾರೆ. ಹಿರಿಯರಿಗೆ ಆ ಸಾಲನ್ನು ನೋಡಿ. ಮೂರು ತಿಂಗಳಾದರೂ 60ಕ್ಕಿಂತ ಕೆಳಗೇ ಇದ್ದರೆ ಡಾಕ್ಟರಲ್ಲಿ ಮಾತಾಡದೆ ನೋವಿನ ಮಾತ್ರೆ ಬೇಡ.

ಹಿಮೋಗ್ಲೋಬಿನ್ ಕೂಡ ಹಾಗೆಯೇ. ಗಂಡಸರಿಗೆ 13ರಿಂದ 17 ಎಂದು ಮಿತಿ ಇದೆ ಎನ್ನಿ. 60 ವರ್ಷದವರೊಬ್ಬರಿಗೆ ಎರಡು ವರ್ಷದ ಹಿಂದೆ 15.4, ಹೋದ ವರ್ಷ 14.3, ಈ ವರ್ಷ 13.1. ಮೂರು ರಿಪೋರ್ಟಿನಲ್ಲೂ ದಪ್ಪಕ್ಷರ ಇಲ್ಲ. ಬಿಡಿಬಿಡಿಯಾಗಿ ನೋಡಿದರೆ ಮೂರೂ ಸರಿ. ಜೋಡಿಸಿ ನೋಡಿದರೆ ಮಾತ್ರ ಈ ಮನುಷ್ಯ ಎಲ್ಲಿಯೋ ರಕ್ತ ಕಳೆದುಕೊಳ್ಳುತ್ತಿರಬಹುದು ಎಂಬ ಸುಳಿವು ಸಿಗುತ್ತದೆ. ಹೃದಯಕ್ಕೆಂದು ನುಂಗುವ ಆಸ್ಪಿರಿನ್‌ನಿಂದ ಹೊಟ್ಟೆಯಲ್ಲಿ ಹುಣ್ಣಾಗಿದೆಯೇ, ಮೂಲವ್ಯಾಧಿಯೇ, ಬರಿಗಾಲಲ್ಲಿ ತೋಟಕ್ಕೆ ಹೋಗುವವರ ಕೊಕ್ಕೆಹುಳವೇ, ದೊಡ್ಡ ಕರುಳಿನ ಗಡ್ಡೆಯೇ ಎಂದು ಹುಡುಕಬೇಕು. 13ಕ್ಕಿಂತ ಕೆಳಗೆ ಹೋಗಿ ಎಲ್ ಅಕ್ಷರ ಬರಲಿ ಎಂದು ಕಾದರೆ ಒಂದು ವರ್ಷ ಹೋದಂತೆಯೇ.

ಅದಕ್ಕೇ ಹಳೆಯ ರಿಪೋರ್ಟು ತನ್ನಿ ಎಂದು ನಾವು ಗೋಗರೆಯುವುದು. ನಮ್ಮ ಊರಿನ ಕತೆ ನಿಮಗೇ ಗೊತ್ತಲ್ಲ. ಜ್ವರಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ, ಶುಗರಿಗೆ ಕಾಸರಗೋಡು, ಆಪರೇಶನ್ನಿಗೆ ತಲಪಾಡಿ ದಾಟಿ ಮಂಗಳೂರು, ಮಗ ಕರೆದರೆ ಆರು ತಿಂಗಳು ಗಲ್ಫು. ಒಂದು ಚೀಟಿ ಮಲಯಾಳದಲ್ಲಿ, ಒಂದು ಇಂಗ್ಲಿಷಿನಲ್ಲಿ, ಎಲ್ಲವೂ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ. ಆ ತೊಟ್ಟೆಯನ್ನು ದಯವಿಟ್ಟು ಬಿಸಾಡಬೇಡಿ. ತಾರೀಕಿನ ಪ್ರಕಾರ ಜೋಡಿಸಿ ಇಟ್ಟರೆ ಯಾವ ಹೊಸ ಟೆಸ್ಟಿಗಿಂತಲೂ ಅದರಿಂದ ನನಗೆ ಹೆಚ್ಚು ಪ್ರಯೋಜನ.

ಗಲ್ಫ್ ಎಂದಾಗ ನೆನಪಾಯಿತು. ಅಲ್ಲಿನ ಅನೇಕ ಲ್ಯಾಬುಗಳಲ್ಲಿ ಅಳತೆಯ ಕ್ರಮವೇ ಬೇರೆ. ನಾವು ಮಿಲಿಗ್ರಾಂ ಲೆಕ್ಕದಲ್ಲಿ ಹೇಳುವುದನ್ನು ಅಲ್ಲಿ ಮಿಲಿಮೋಲ್ ಅಥವಾ ಮೈಕ್ರೋಮೋಲ್ ಲೆಕ್ಕದಲ್ಲಿ ಹೇಳುತ್ತಾರೆ. ಮಗನ ಮನೆಯಿಂದ ಬಂದ ತಾಯಿಯೊಬ್ಬರು ‘ಬರಿ ಹೊಟ್ಟೆಯ ಶುಗರು ಏಳು ಪಾಯಿಂಟ್ ಎರಡು ಅಂತ ಉಂಟು, ಕಮ್ಮಿ ಅಲ್ವಾ ಡಾಕ್ಟ್ರೇ?’ ಎಂದರು. ಅದನ್ನು 18ರಿಂದ ಗುಣಿಸಿ. 130 ಬರುತ್ತದೆ. ಕಮ್ಮಿ ಅಲ್ಲ, ಡಯಾಬಿಟಿಸ್‌ನ ಗೆರೆ ದಾಟಿದೆ. ಇನ್ನೊಂದು ಕಡೆಯಿಂದ, ಕ್ರಿಯಾಟಿನಿನ್ 106 ಎಂದು ಕಂಡು ಎದೆ ಒಡೆದುಕೊಂಡು ಬಂದವರೂ ಇದ್ದಾರೆ. ಅದನ್ನು 88.4ರಿಂದ ಭಾಗಿಸಿದರೆ 1.2. ಆಗ ಹೇಳಿದ ಮೊಮ್ಮಗನದ್ದೇ ಸಂಖ್ಯೆ. ಸಂಖ್ಯೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅಳತೆ ಬರೆದಿರುತ್ತದೆ, ಮೊದಲು ಅದನ್ನು ಓದಿ.

ಈಗ ರಕ್ತ ತೆಗೆಯುವ ಜಾಗಕ್ಕೆ ಹೋಗೋಣ. ತಪ್ಪಾದ ರಿಪೋರ್ಟು ಎಂದ ಕೂಡಲೆ ನಾವು ಬೈಯುವುದು ಮಿಷಿನನ್ನು. ಆದರೆ ಲ್ಯಾಬಿನ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗುವುದು ರಕ್ತ ಮಿಷಿನಿಗೆ ಹೋಗುವ ಮೊದಲೇ. ಹೆಸರು ಅದಲುಬದಲು, ತಪ್ಪು ಟ್ಯೂಬು, ತಡ, ಬಿಸಿಲು, ಅಲುಗಾಟ.

ಪೊಟ್ಯಾಸಿಯಂ ತೆಗೆದುಕೊಳ್ಳಿ. ರಕ್ತದ ನೀರಿನ ಭಾಗದಲ್ಲಿ ಇದು 3.5ರಿಂದ 5ರಷ್ಟು ಇರುತ್ತದೆ. ಕೆಂಪು ಕಣಗಳ ಒಳಗೆ ಅದರ ಎಷ್ಟೋ ಪಟ್ಟು ತುಂಬಿಕೊಂಡಿರುತ್ತದೆ. ರಕ್ತ ತೆಗೆಯುವಾಗ ನರ ಸಿಗಲಿಲ್ಲ ಎಂದು ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರು, ‘ಮುಷ್ಟಿ ಬಿಗಿ ಮಾಡಿ, ಬಿಡಿ, ಬಿಗಿ ಮಾಡಿ’ ಎಂದು ಹತ್ತು ಸಲ ಮಾಡಿಸಿದರು, ಸಪೂರ ಸೂಜಿಯಲ್ಲಿ ಜೋರಾಗಿ ಎಳೆದು ಸಿರಿಂಜಿನಿಂದ ಟ್ಯೂಬಿಗೆ ಒತ್ತಿ ಬಿಟ್ಟರು. ಮುಷ್ಟಿ ಬಿಗಿದರೆ ಸ್ನಾಯುವಿನಿಂದ ಪೊಟ್ಯಾಸಿಯಂ ರಕ್ತಕ್ಕೆ ಬರುತ್ತದೆ, ಒತ್ತಿದರೆ ಕಣಗಳು ಒಡೆದು ಒಳಗಿನದ್ದೆಲ್ಲ ಹೊರಗೆ ಬರುತ್ತದೆ. ರಿಪೋರ್ಟಿನಲ್ಲಿ 6.1. ನಿಮ್ಮ ಮೈಯೊಳಗೆ 4.5 ಇರಬಹುದು. ಟ್ಯೂಬನ್ನು ತಿರುಗಿಸಿ ಕಣ ತಳಕ್ಕೆ ಕೂತ ಮೇಲೆ ಮೇಲಿನ ನೀರು ಒಣಹುಲ್ಲಿನ ಬಣ್ಣಕ್ಕಿರಬೇಕು. ಒಡೆದಿದ್ದರೆ ಅದು ನಸುಗೆಂಪಾಗುತ್ತದೆ, ಹೆಚ್ಚಾದರೆ ಪುನರ್ಪುಳಿ ಶರಬತ್ತಿನ ಬಣ್ಣ. ಒಳ್ಳೆಯ ಟೆಕ್ನೀಶಿಯನ್ ಅದನ್ನು ಕಂಡು ‘ಇನ್ನೊಮ್ಮೆ ರಕ್ತ ಬೇಕು’ ಎಂದು ಫೋನು ಮಾಡುತ್ತಾನೆ. ಹಾಗೆ ಫೋನು ಬಂದರೆ ಕೋಪ ಮಾಡಿಕೊಳ್ಳಬೇಡಿ. ಆ ಲ್ಯಾಬನ್ನು ನೀವು ನಂಬಬಹುದು ಎಂದೇ ಅದರ ಅರ್ಥ.

ಹಾಗೆಂದು 6.1 ಕಂಡ ಕೂಡಲೆ ಲ್ಯಾಬಿನ ತಪ್ಪು ಎಂದು ಬದಿಗೆ ಇಡಲಿಕ್ಕೂ ಆಗದು. ಕಿಡ್ನಿ ಸೋತವರಿಗೆ, ಬಿ.ಪಿ.ಗೆ, ಹೃದಯಕ್ಕೆ ಕೊಡುವ ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ನಿಜವೇ ಇರಬಹುದು. ನಿಜವಾಗಿದ್ದರೆ ಹೃದಯದ ಬಡಿತವೇ ತಪ್ಪಬಹುದು. ಅದೇ ದಿನ ಇಸಿಜಿ, ಅದೇ ದಿನ ಇನ್ನೊಮ್ಮೆ ರಕ್ತ. ಜತೆಗೆ ನಾನು ಕೇಳುವ ಪ್ರಶ್ನೆ: ದಿನಾ ಬೊಂಡ (ಎಳನೀರು) ಕುಡಿಯುತ್ತೀರಾ? ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಧಾರಾಳ. ಆರೋಗ್ಯವಂತರಿಗೆ ಅಮೃತ, ಕಿಡ್ನಿ ಸೋತವರಿಗೆ ಅಪಾಯ. ಮನೆಯ ತೆಂಗಿನದ್ದು, ತಂಪು, ಎಂದು ಸೊಸೆ ಪ್ರೀತಿಯಿಂದ ಕೊಡುತ್ತಾಳೆ. ಯಾರಿಗೂ ಅದು ಮದ್ದಿನ ಪಟ್ಟಿಯಲ್ಲಿ ಹೇಳಬೇಕಾದ ವಿಷಯ ಅನಿಸುವುದಿಲ್ಲ.

ಶುಗರಿನದ್ದು ಇದಕ್ಕೆ ವಿರುದ್ಧ. ಸಾದಾ ಟ್ಯೂಬಿನಲ್ಲಿ ರಕ್ತ ಹಾಗೇ ಇದ್ದರೆ ಕಣಗಳು ಅದರಲ್ಲಿರುವ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಗಂಟೆಗೆ ನೂರಕ್ಕೆ 5ರಿಂದ 7ರಷ್ಟು. ಮನೆಗೆ ಬಂದು ರಕ್ತ ತೆಗೆದ ಹುಡುಗ ಇನ್ನೂ ನಾಲ್ಕು ಮನೆ ಸುತ್ತಿ ಬೈಕಿನಲ್ಲಿ ಲ್ಯಾಬಿಗೆ ಮುಟ್ಟುವಾಗ ಎರಡು ಗಂಟೆ ಆಯಿತೆನ್ನಿ. 130 ಇದ್ದದ್ದು 115 ಆಗಿರುತ್ತದೆ. ಡಯಾಬಿಟಿಸ್ ಇದ್ದವರಿಗೆ ‘ಸ್ವಲ್ಪ ಗಡಿಯಲ್ಲಿದೆ’ ಎಂಬ ಸಮಾಧಾನ ಸಿಗುತ್ತದೆ. ಬೂದು ಮುಚ್ಚಳದ ಟ್ಯೂಬಿನಲ್ಲಿ ಇದನ್ನು ತಡೆಯುವ ಫ್ಲೋರೈಡ್ ಇರುತ್ತದೆ. ಶುಗರಿಗೆ ರಕ್ತ ತೆಗೆಯುವಾಗ ಬೂದು ಮುಚ್ಚಳ ಕಾಣದಿದ್ದರೆ ಕೇಳಿ, ಕೇಳಲಿಕ್ಕೆ ನಾಚಿಕೆ ಎಂತಕ್ಕೆ?

ಮಳೆ ಹತ್ತಿರ ಬಂತು, ಹಾಗಾಗಿ ಡೆಂಗಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಡಕೆ ಹಾಳೆಯಲ್ಲಿ, ರಬ್ಬರಿನ ಚಿಪ್ಪಿನಲ್ಲಿ ನೀರು ನಿಂತ ಕೂಡಲೆ ಸೊಳ್ಳೆ, ಸೊಳ್ಳೆಯ ಹಿಂದೆ ಜ್ವರ, ಜ್ವರದ ಹಿಂದೆ ‘ಕೌಂಟು ಎಷ್ಟು?’ ಎಂಬ ಪ್ರಶ್ನೆ. ಪ್ಲೇಟ್‌ಲೆಟ್ ಎಂಬ, ರಕ್ತ ಹೆಪ್ಪುಗಟ್ಟಲು ಬೇಕಾದ ಸಣ್ಣ ಕಣಗಳ ಕೌಂಟು ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಡೆಂಗಿಯಲ್ಲಿ ಇಳಿಯುತ್ತದೆ. ಬೆಳಿಗ್ಗೆ 42,000, ಸಂಜೆ 38,000 ಎಂದು ಕುಟುಂಬದ ವಾಟ್ಸಾಪಿನಲ್ಲಿ ಕ್ರಿಕೆಟ್ ಸ್ಕೋರಿಗಿಂತ ಹೆಚ್ಚು ಗಲಾಟೆ. ಒಂದೇ ರಕ್ತವನ್ನು ಎರಡು ಸಲ ಹಾಕಿದರೂ ಮಿಷಿನು ಅಷ್ಟು ವ್ಯತ್ಯಾಸ ತೋರಿಸಬಹುದು, ಕೌಂಟು ಕಡಿಮೆ ಇದ್ದಾಗ ಇನ್ನೂ ಹೆಚ್ಚು. ಅದು ಇಳಿಕೆ ಎಂದೇ ಲೆಕ್ಕವಲ್ಲ.

ಮತ್ತೊಂದು ವಿಚಿತ್ರ ಉಂಟು. ಈ ಟೆಸ್ಟಿನ ರಕ್ತ ಹೋಗುವುದು ನೇರಳೆ ಮುಚ್ಚಳದ ಟ್ಯೂಬಿಗೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಟ್ಯೂಬನ್ನು ನಿಧಾನಕ್ಕೆ ಎಂಟು ಹತ್ತು ಸಲ ಮೇಲೆ ಕೆಳಗೆ ಮಾಡಬೇಕು. ಮಾಡದಿದ್ದರೆ ಸಾಸಿವೆ ಕಾಳಿನಷ್ಟು ಹೆಪ್ಪು ಕಟ್ಟಿ ಪ್ಲೇಟ್‌ಲೆಟ್ಟುಗಳೆಲ್ಲ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಕೆಲವರ ರಕ್ತಕ್ಕೆ ಆ ಇಡಿಟಿಎಯೇ ಆಗುವುದಿಲ್ಲ; ಟ್ಯೂಬಿಗೆ ಬಿದ್ದ ಮೇಲೆ ಪ್ಲೇಟ್‌ಲೆಟ್ಟುಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಮಿಷಿನಿಗೆ ಗುಂಪು ಎಣಿಸಲು ಬಾರದು, 20,000 ಎಂದುಬಿಡುತ್ತದೆ. ಮನುಷ್ಯ ಎದುರಿಗೆ ಕುಳಿತು ನಗುತ್ತಾ ಚಾ ಕುಡಿಯುತ್ತಿರುತ್ತಾನೆ, ಮೈಯಲ್ಲಿ ಒಂದು ಕೆಂಪು ಚುಕ್ಕೆ ಇಲ್ಲ. ಅಂಥಲ್ಲಿ ಒಂದು ಹನಿಯನ್ನು ಗಾಜಿಗೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ಕಣ್ಣಿನಿಂದ ನೋಡಬೇಕು, ಬೇಕಾದರೆ ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಇನ್ನೊಮ್ಮೆ ನೋಡಬೇಕು.

ಆದರೆ ಡೆಂಗಿಯಲ್ಲಿ ಜೀವಕ್ಕೆ ಅಪಾಯ ತರುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಅಲ್ಲವೇ ಅಲ್ಲ. ಅದೇ ರಿಪೋರ್ಟಿನಲ್ಲಿ ಮೇಲಿನ ಸಾಲಿನಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಎಂದು ಇರುತ್ತದೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಎಂಬ ಲೆಕ್ಕ ಅದು; ಯಾರೂ ಅದನ್ನು ವಾಟ್ಸಾಪಿಗೆ ಹಾಕುವುದಿಲ್ಲ. ಡೆಂಗಿಯಲ್ಲಿ ರಕ್ತನಾಳದ ಗೋಡೆಯಿಂದ ನೀರಿನ ಭಾಗ ಸೋರಿ ಹೋಗುತ್ತದೆ. ಗಂಜಿಯ ತಿಳಿ ಬಸಿದರೆ ಅನ್ನ ಗಟ್ಟಿಯಾಗಿ ಉಳಿಯುವುದಿಲ್ಲವೇ, ಹಾಗೆ ರಕ್ತ ಗಟ್ಟಿಯಾಗುತ್ತದೆ. ಪಿಸಿವಿ 36 ಇದ್ದದ್ದು 44 ಆದರೆ ಏರಿಕೆ ನೂರಕ್ಕೆ 20 ದಾಟಿತು. 44 ಎಂಬುದು ಮಿತಿಯ ಒಳಗೇ ಇರುವುದರಿಂದ ದಪ್ಪಕ್ಷರವೂ ಬರದಿರಬಹುದು. ಬಿ.ಪಿ. ಕುಸಿಯುವ ಮೊದಲು ಸಿಗುವ ಸೂಚನೆ ಅದು. ಮತ್ತೆ, ಇದು ಆಗುವುದು ಜ್ವರ ಬಿಡುವ ಹೊತ್ತಿಗೆ. ‘ಜ್ವರ ಬಿಟ್ಟಿತು, ಇನ್ನು ಹುಷಾರಾದರು’ ಎಂದು ಮನೆಯವರು ಉಸಿರು ಬಿಡುವ ಆ ಒಂದೆರಡು ದಿನವೇ ಹೆಚ್ಚು ಎಚ್ಚರ ಬೇಕಾದ ಸಮಯ. ಹೊಟ್ಟೆ ತೀರಾ ನೋಯುವುದು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು, ಮೂತ್ರ ಕಡಿಮೆ. ಇದರಲ್ಲಿ ಒಂದು ಕಂಡರೂ ಕೌಂಟು ಎಷ್ಟಿದ್ದರೂ ಆಸ್ಪತ್ರೆಗೆ ಬನ್ನಿ.

ಪ್ಲೇಟ್‌ಲೆಟ್ ಕೊಡಿಸಿ ಎಂದು ಒತ್ತಾಯ ಮಾಡುವವರಿಗೊಂದು ಮಾತು. ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗೆ ಹೋಗುವವರೆಗೆ ಸಾಮಾನ್ಯವಾಗಿ ಅದರ ಅಗತ್ಯ ಬರುವುದಿಲ್ಲ. ಪಪ್ಪಾಯಿ ಎಲೆಯ ರಸದ ಬಗ್ಗೆ ಹೇಗೂ ಕೇಳುತ್ತೀರಿ. ಹೆಚ್ಚಿನವರಲ್ಲಿ ಏಳೆಂಟನೇ ದಿನಕ್ಕೆ ಕೌಂಟು ತಾನಾಗಿಯೇ ಏರುತ್ತದೆ, ಆರನೇ ದಿನ ಕುಡಿದ ರಸಕ್ಕೆ ಹೆಸರು ಬರುತ್ತದೆ. ವಾಂತಿ ಆಗುತ್ತಿರುವವರಿಗೆ ಆ ಕಹಿಯನ್ನು ಹೊಯ್ದು ಇನ್ನಷ್ಟು ವಾಂತಿ ಮಾಡಿಸಬೇಡಿ.

ಜ್ವರದ ಮಾತು ಬಂದಾಗ ವೈಡಾಲನ್ನು ಬಿಡುವ ಹಾಗಿಲ್ಲ. ಫ್ರಾನ್ಸಿನ ಫರ್ನಾಂಡ್ ವಿಡಾಲ್ 1896ರಲ್ಲಿ ಟೈಫಾಯ್ಡಿಗೆ ಕಂಡುಹಿಡಿದ ಟೆಸ್ಟು. ಇಂದಿಗೂ ನಮ್ಮಲ್ಲಿ ಮೂರನೇ ದಿನದ ಜ್ವರಕ್ಕೆ ಇದನ್ನು ಬರೆಯುತ್ತಾರೆ, ‘1:80 ಪಾಸಿಟಿವ್’ ಎಂದು ಬರುತ್ತದೆ, ಟೈಫಾಯ್ಡ್ ಎಂದು ಆಂಟಿಬಯಾಟಿಕ್ ಶುರು. ಹಿಂದೆ ಯಾವಾಗಲೋ ಆದ ಸೋಂಕು, ಹಾಕಿಸಿಕೊಂಡ ಲಸಿಕೆ, ಬೇರೆ ಜ್ವರ, ಇವುಗಳಿಂದಲೂ ಅಷ್ಟು ಬರುತ್ತದೆ. ಟೈಫಾಯ್ಡ್ ಹೌದೋ ಅಲ್ಲವೋ ಎಂದು ತಿಳಿಯಲು ಮಾಡಬೇಕಾದ್ದು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು, ಅದೂ ಆಂಟಿಬಯಾಟಿಕ್ ಕೊಡುವ ಮೊದಲು.

ಇದರ ಹಿಂದಿನ ಲೆಕ್ಕ ಒಮ್ಮೆ ಮಾಡಿ ನೋಡಿದರೆ ಜೀವನವಿಡೀ ಉಪಯೋಗಕ್ಕೆ ಬರುತ್ತದೆ. ಒಂದು ಟೆಸ್ಟು ಇದೆ. ರೋಗ ಇದ್ದವರನ್ನು ಒಬ್ಬರನ್ನೂ ಬಿಡದೆ ಹಿಡಿಯುತ್ತದೆ. ಇಲ್ಲದವರಲ್ಲಿ ನೂರಕ್ಕೆ 5 ಮಂದಿಗೆ ಮಾತ್ರ ಸುಳ್ಳು ಪಾಸಿಟಿವ್. ಒಳ್ಳೆಯ ಟೆಸ್ಟೇ ಅಲ್ಲವೇ? 1,000 ಜನರಿಗೆ ಮಾಡಿ. ಅವರಲ್ಲಿ ನಿಜವಾಗಿ ರೋಗ ಇರುವುದು 10 ಮಂದಿಗೆ. ಆ 10 ಪಾಸಿಟಿವ್. ಉಳಿದ 990ರಲ್ಲಿ ಸುಮಾರು 50 ಪಾಸಿಟಿವ್. 60 ಮಂದಿಯ ಕೈಯಲ್ಲಿ ಪಾಸಿಟಿವ್ ಕಾಗದ, ರೋಗ ಇರುವುದು ಆರರಲ್ಲಿ ಒಬ್ಬರಿಗೆ. ಈಗ ಅದೇ ಟೆಸ್ಟನ್ನು, ಲಕ್ಷಣ ನೋಡಿ, ಪರೀಕ್ಷೆ ಮಾಡಿ, ಅನುಮಾನ ಗಟ್ಟಿಯಾದವರಿಗೆ ಮಾತ್ರ ಮಾಡಿ. 1,000ದಲ್ಲಿ 500 ಮಂದಿಗೆ ರೋಗ ಇದೆ ಎನ್ನಿ. 500 ನಿಜ, 25 ಸುಳ್ಳು. ಟೆಸ್ಟು ಬದಲಾಗಲಿಲ್ಲ, ಟ್ಯೂಬು ಬದಲಾಗಲಿಲ್ಲ. ನಾಲಗೆ ನೋಡಿ, ಹೊಟ್ಟೆ ಒತ್ತಿ, ‘ಎಷ್ಟು ದಿನ ಆಯಿತು, ತೋಟಕ್ಕೆ ಹೋಗಿದ್ದಿರಾ’ ಎಂದು ಕೇಳಿದ ಐದು ನಿಮಿಷ ಆ ಕಾಗದದ ಬೆಲೆಯನ್ನು ಬದಲಾಯಿಸಿತು. ಡಾಕ್ಟರು ಮುಟ್ಟಿಯೂ ನೋಡದೆ ಟೆಸ್ಟು ಬರೆದರೆ ನೀವು ದೂರುವುದರಲ್ಲಿ ನ್ಯಾಯ ಇದೆ.

ನೆಗೆಟಿವ್ ಕಾಗದಕ್ಕೂ ಇದೇ ಮಾತು. ಇಲಿಜ್ವರ, ಆಸ್ಪತ್ರೆಯ ಬೋರ್ಡಿನಲ್ಲಿ ಮಲಯಾಳದಲ್ಲಿ ಎಲಿಪ್ಪನಿ ಎಂದು ಓದುತ್ತೀರಲ್ಲ, ಅದರ ಐಜಿಎಂ ಟೆಸ್ಟು ಮೊದಲ ನಾಲ್ಕೈದು ದಿನ ನೆಗೆಟಿವ್ ಬರುವುದೇ ಹೆಚ್ಚು. ಆ ಟೆಸ್ಟು ಹುಡುಕುವ ಪ್ರತಿಕಾಯ ಮೈಯಲ್ಲಿ ಹುಟ್ಟಲು ಅಷ್ಟು ದಿನ ಬೇಕು. ಗದ್ದೆಯ ಕೆಸರಿನಲ್ಲಿ ಕೆಲಸ ಮಾಡಿದವರು, ಕಾಲಿನಲ್ಲಿ ಗಾಯ, ಮೀನಖಂಡ ಮುಟ್ಟಿದರೆ ಕಿರುಚುವಷ್ಟು ನೋವು, ಕಣ್ಣು ಕೆಂಪು. ಇಂಥವರಿಗೆ ಮೂರನೇ ದಿನ ನೆಗೆಟಿವ್ ಬಂತೆಂದು ಮದ್ದು ನಿಲ್ಲಿಸಿದರೆ ಆರನೇ ದಿನಕ್ಕೆ ಕಣ್ಣು ಹಳದಿ, ಮೂತ್ರ ಬಂದ್. ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ನುಂಗಲು ಕೊಡುವ ಡಾಕ್ಸಿಸೈಕ್ಲಿನ್ ಇದಕ್ಕೇ, ಅದನ್ನು ಡಬ್ಬಿಯಲ್ಲಿ ಇಟ್ಟು ಪೂಜೆ ಮಾಡಬೇಡಿ.

ಥೈರಾಯ್ಡಿನದ್ದು ಎರಡೇ ಮಾತು. ಟಿಎಸ್‌ಎಚ್ 5, 6 ಎಂದು ಸ್ವಲ್ಪ ಏರಿದ್ದರೆ, ಗರ್ಭಿಣಿ ಅಲ್ಲದಿದ್ದರೆ, ಒಂದೆರಡು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ. ಎಷ್ಟೋ ಮಂದಿಗೆ ತಾನೇ ಸರಿಯಾಗಿರುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುವವರು ಟೆಸ್ಟಿಗೆ ಒಂದೆರಡು ದಿನ ಮೊದಲೇ ನಿಲ್ಲಿಸಿ, ಅದು ಕೆಲವು ಮಿಷಿನುಗಳಲ್ಲಿ ಥೈರಾಯ್ಡಿನ ಸಂಖ್ಯೆಯನ್ನೇ ತಲೆಕೆಳಗು ಮಾಡುತ್ತದೆ.

ಇಷ್ಟು ಹೊತ್ತು ಗಾಬರಿ ಬೇಡ ಎಂದೆ. ಗಾಬರಿ ಬೇಕಾದ ಒಂದು ಸಂಖ್ಯೆ ಹೇಳುತ್ತೇನೆ, ಸೋಡಿಯಂ. 135ರಿಂದ 145 ಇರಬೇಕು. ಎಂಬತ್ತರ ಅಜ್ಜ, ಬಿ.ಪಿ.ಗೆ ನೀರು ಇಳಿಸುವ ಮಾತ್ರೆ, ಉಪ್ಪು ಬಿಡಿ ಎಂದಿದ್ದಾರೆಂದು ಸಪ್ಪೆ ಗಂಜಿ, ನಡುವೆ ವಾಂತಿ ಭೇದಿ. ಎರಡು ದಿನದಿಂದ ಏನೇನೋ ಮಾತಾಡುತ್ತಾರೆ, ಬಚ್ಚಲಿಗೆ ಹೋಗುವಾಗ ವಾಲುತ್ತಾರೆ. ಪ್ರಾಯ ಆಯಿತಲ್ಲ, ಅರುಳುಮರುಳು ಎಂದು ಮನೆಯವರು ಸುಮ್ಮನಿರುತ್ತಾರೆ. ಸೋಡಿಯಂ ನೋಡಿದರೆ 118. ಇದು ಮರುದಿನಕ್ಕೆ ಇಡುವ ಸಂಖ್ಯೆ ಅಲ್ಲ. ಮನೆಯಲ್ಲಿ ಉಪ್ಪುನೀರು ಕುಡಿಸಿ ಸರಿ ಮಾಡುವುದೂ ಅಲ್ಲ. ಒಂದು ದಿನಕ್ಕೆ ಎಂಟು ಹತ್ತಕ್ಕಿಂತ ವೇಗವಾಗಿ ಏರಿಸಿದರೆ ಮಿದುಳಿಗೇ ಪೆಟ್ಟು. ಆಸ್ಪತ್ರೆಯಲ್ಲಿ, ಗಂಟೆ ಲೆಕ್ಕದಲ್ಲಿ ರಕ್ತ ನೋಡುತ್ತಾ ಏರಿಸಬೇಕು. ಇಂಥ ಸಂಖ್ಯೆ ಕಂಡರೆ ಲ್ಯಾಬಿನವರು ರಿಪೋರ್ಟು ಅಚ್ಚಾಗುವ ಮೊದಲೇ ಫೋನು ಮಾಡುವ ಪದ್ಧತಿ ಇದೆ. ಹಾಗಾಗಿ ರಕ್ತ ಕೊಡುವಾಗ ಚೀಟಿಯಲ್ಲಿ ಬರೆಸುವ ನಂಬರು ಮನೆಯಲ್ಲಿ ಇರುವವರದ್ದಾಗಿರಲಿ. ಅಬುದಾಬಿಯಲ್ಲಿ ಡ್ಯೂಟಿಯಲ್ಲಿರುವ ಮಗನ ನಂಬರು ಕೊಟ್ಟರೆ ಆ ಫೋನು ಯಾರೂ ಎತ್ತುವುದಿಲ್ಲ.

ಕೊನೆಯದಾಗಿ, ಬಾರದ ರಿಪೋರ್ಟುಗಳು. ಕಲ್ಚರ್ ಬರಲು ಎರಡರಿಂದ ಐದು ದಿನ, ಗಡ್ಡೆಯ ತುಂಡಿನ ಬಯಾಪ್ಸಿಗೆ ಕೆಲವೊಮ್ಮೆ ವಾರವೂ ಹಿಡಿಯುತ್ತದೆ. ಅಷ್ಟರಲ್ಲಿ ಜ್ವರ ಇಳಿದು, ಹೊಲಿಗೆ ಒಣಗಿ, ಮಂಗಳೂರಿನಿಂದ ಡಿಸ್ಚಾರ್ಜ್ ಮಾಡಿಸಿಕೊಂಡು ನಾವು ಪೆರ್ಲದ ಬಸ್ಸು ಹತ್ತಿರುತ್ತೇವೆ. ರಿಪೋರ್ಟು ಕೌಂಟರಿನ ಟ್ರೇಯಲ್ಲಿ ಬಂದು ಕೂರುತ್ತದೆ. ಆಸ್ಪತ್ರೆಯವರು ನಾವು ತೆಗೆದುಕೊಂಡು ಹೋಗುತ್ತೇವೆ ಎಂದುಕೊಳ್ಳುತ್ತಾರೆ, ಏನಾದರೂ ಇದ್ದರೆ ಅವರೇ ಹೇಳುತ್ತಾರೆ ಎಂದು ನಾವು. ಕೊಟ್ಟ ಆಂಟಿಬಯಾಟಿಕ್ಕಿಗೆ ಆ ರೋಗಾಣು ಬಗ್ಗುವುದಿಲ್ಲ ಎಂದು ಅದರಲ್ಲಿ ಬರೆದಿರಬಹುದು. ಬರೇ ಕೊಬ್ಬಿನ ಗಂಟು ಎಂದುಕೊಂಡದ್ದು ಅದಲ್ಲ ಎಂದೂ ಬರೆದಿರಬಹುದು. ಬಿಲ್ಲು ಕಟ್ಟಿ ಹೊರಡುವ ಮೊದಲು ವಾರ್ಡಿನ ಸಿಸ್ಟರ ಹತ್ತಿರ ಕೇಳಿ: ಯಾವ ರಿಪೋರ್ಟು ಇನ್ನೂ ಬರಲಿಕ್ಕುಂಟು, ಯಾವತ್ತು ಬರುತ್ತದೆ, ಯಾವ ನಂಬರಿಗೆ ಫೋನು ಮಾಡಬೇಕು. ಅದನ್ನು ಡಿಸ್ಚಾರ್ಜ್ ಕಾಗದದ ಮೇಲೆಯೇ ಪೆನ್ನಿನಲ್ಲಿ ಬರೆಸಿಕೊಳ್ಳಿ. ಆ ದಿನ ಬಂದಾಗ ಫೋನು ಮಾಡಿ, ಒಮ್ಮೆ ಎತ್ತದಿದ್ದರೆ ಮತ್ತೊಮ್ಮೆ ಮಾಡಿ.